ಕೆಂಪು ತಲೆಯ ಮೂನ್ ಕ್ಯಾಕ್ಟಸ್: ಮೊದಲು ಹಸಿರು ಕಾಲನ್ನು ಕಾಪಾಡಿ

"ತಂದಾಗ ತುಂಬಾ ಚೆನ್ನಾಗಿತ್ತು. ನಾಲ್ಕು ತಿಂಗಳಿಗೆ ಕೆಳಗಿನ ಕಾಂಡ ಮೆತ್ತಗಾಗಿ ಒರಗಿಬಿಟ್ಟಿತು. ವಾರಕ್ಕೆ ಒಂದೇ ಸಲ ನೀರು ಹಾಕುತ್ತಿದ್ದೆ. ಏನು ತಪ್ಪಾಯಿತು?"

ಮೂನ್ ಕ್ಯಾಕ್ಟಸ್ ಬಗ್ಗೆ ಓದುಗರು ಕೇಳುವುದು ಹೆಚ್ಚಾಗಿ ಇದೇ ಪ್ರಶ್ನೆ. ಹಸಿರು ಕಾಂಡದ ಮೇಲೆ ಕೆಂಪು, ಹಳದಿ, ಕಿತ್ತಳೆ ಅಥವಾ ಗುಲಾಬಿ ಬಣ್ಣದ ಉಂಡೆ ಕೂರಿಸಿದಂತೆ ಕಾಣುವ ಪುಟ್ಟ ಕಳ್ಳಿ ಇದು. ಬಹಳ ಜನ ಮೊದಲು ಕೊಳ್ಳುವ ಕ್ಯಾಕ್ಟಸ್ ಇದೇ. ಮೊದಲು ಕಳೆದುಕೊಳ್ಳುವುದೂ ಇದನ್ನೇ. ನಮ್ಮ ಕಣ್ಣೆಲ್ಲ ಬಣ್ಣದ ಉಂಡೆಯ ಮೇಲಿರುತ್ತದೆ. ಆದರೆ ಆ ಉಂಡೆಯನ್ನು ಸಾಕುತ್ತಿರುವುದು ಕೆಳಗಿನ ಹಸಿರು ಕಾಂಡ. ಕಾಂಡಕ್ಕೆ ಏನು ಬೇಕು ಎಂದು ತಿಳಿದರೆ ಮುಕ್ಕಾಲು ಕೆಲಸ ಮುಗಿದಂತೆ.

ಒಂದು ಕುಂಡ, ಎರಡು ಗಿಡ

ಮೂನ್ ಕ್ಯಾಕ್ಟಸ್ ಎಂದರೆ ಒಂದು ಗಿಡ ಅಲ್ಲ. ಎರಡು ಬೇರೆ ಬೇರೆ ಜಾತಿಯ ಕಳ್ಳಿಗಳನ್ನು ಕಸಿ ಮಾಡಿ ಕೂಡಿಸಿದ್ದು. ಕಸಿ ಮಾವಿನ ಗಿಡ ಇರುತ್ತದಲ್ಲ, ಅದೇ ತತ್ವ. ಈ ಲೇಖನದಲ್ಲಿ ಮೇಲಿನದನ್ನು ತಲೆ ಎಂದೂ, ಕೆಳಗಿನದನ್ನು ಕಾಲು ಎಂದೂ ಕರೆಯುತ್ತೇನೆ.

ತಲೆಯ ಹೆಸರು ಜಿಮ್ನೊಕ್ಯಾಲಿಸಿಯಮ್ ಮಿಹಾನೊವಿಚಿ. ಗ್ರೀಕ್ ಭಾಷೆಯಲ್ಲಿ ಜಿಮ್ನೊ ಎಂದರೆ ಬೆತ್ತಲೆ, ಕ್ಯಾಲಿಕ್ಸ್ ಎಂದರೆ ಮೊಗ್ಗು. ಇದರ ಮೊಗ್ಗಿನ ಮೇಲೆ ಮುಳ್ಳೂ ಇರುವುದಿಲ್ಲ, ಕೂದಲೂ ಇರುವುದಿಲ್ಲ, ಅದಕ್ಕೆ ಆ ಹೆಸರು. ಮಿಹಾನೊವಿಚಿ ಎನ್ನುವುದು ನಿಕೊಲಾಸ್ ಮಿಹಾನೊವಿಚ್ ಎಂಬ ಹಡಗು ಉದ್ಯಮಿಯ ನೆನಪಿಗೆ ಇಟ್ಟದ್ದು. ಕ್ರೊವೇಷಿಯಾದಲ್ಲಿ ಹುಟ್ಟಿ ಅರ್ಜೆಂಟೀನಾದಲ್ಲಿ ನೆಲೆಸಿದ್ದ ಆತನ ಹಡಗುಗಳು ದಕ್ಷಿಣ ಅಮೆರಿಕದ ನದಿಗಳಲ್ಲಿ ಓಡಾಡುತ್ತಿದ್ದವು. ಈ ಕಳ್ಳಿಯನ್ನು ಪರಾಗ್ವೆಯಿಂದ ಹೊರಗೆ ತಂದು ಪರಿಚಯಿಸಿದ್ದು ಆಲ್ಬರ್ಟೊ ಫ್ರಿಚ್ ಎಂಬ ಚೆಕ್ ಸಸ್ಯ ಸಂಗ್ರಾಹಕ.

ಅದರ ತವರು ಪರಾಗ್ವೆ ದೇಶದ ಚಾಕೊ ಬಯಲು. ಅಲ್ಲಿ ಬೇಸಿಗೆಯಲ್ಲಿ ಮಳೆ, ಚಳಿಗಾಲದಲ್ಲಿ ಒಣ ಹವೆ. ಅಲ್ಲಿನ ಮೂಲ ಗಿಡ ಬೂದು ಬೆರೆತ ಹಸಿರು ಬಣ್ಣದ್ದು. ಅಗಲ ಸಾಮಾನ್ಯವಾಗಿ 3 ರಿಂದ 5 ಸೆಂಟಿಮೀಟರ್. ಹೆಚ್ಚಾಗಿ 8 ಏಣುಗಳಿರುತ್ತವೆ. ಅದು ಬಟ್ಟಬಯಲಿನಲ್ಲಿ ಬಿಸಿಲಿಗೆ ಮೈಯೊಡ್ಡಿ ಬೆಳೆಯುವುದಲ್ಲ, ಮುಳ್ಳುಪೊದೆಗಳ ನೆರಳಲ್ಲಿ ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಬಿಸಿಲಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಹಾಗಾದರೆ ಕೆಂಪು ಎಲ್ಲಿಂದ ಬಂತು? 1941 ರಲ್ಲಿ ಜಪಾನಿನ ಈಜಿ ವಟನಬೆ ಎಂಬುವರು ಬೀಜದಿಂದ ಎಬ್ಬಿಸಿದ ಸಾವಿರಾರು ಸಸಿಗಳ ಮಧ್ಯೆ ಕೆಂಪು ಬಣ್ಣದವು ಸಿಕ್ಕವು. ಅವುಗಳಲ್ಲಿ ಪತ್ರಹರಿತ್ತು ಇರಲಿಲ್ಲ. ಪತ್ರಹರಿತ್ತು ಎಂದರೆ ಎಲೆಗೆ ಹಸಿರು ಬಣ್ಣ ಕೊಡುವ, ಬಿಸಿಲು ಬಳಸಿ ಆಹಾರ ತಯಾರಿಸುವ ವಸ್ತು. ಅದಿಲ್ಲದ ಸಸಿ ಬೀಜದಲ್ಲಿದ್ದ ಆಹಾರ ಮುಗಿದ ಕೂಡಲೇ ಸಾಯುತ್ತದೆ. ಬೇರೆ ಹಸಿರು ಕಳ್ಳಿಯ ಮೇಲೆ ಕಸಿ ಮಾಡಿದ್ದರಿಂದ ಅವು ಬದುಕಿದವು. ಜಪಾನಿನಲ್ಲಿ ಇದನ್ನು ಹಿಬೊತಾನ್ ಎನ್ನುತ್ತಾರೆ. ಇಂದು ಅಂಗಡಿಗಳಲ್ಲಿ ಕಾಣುವ ಕೆಂಪು ತಲೆಗಳೆಲ್ಲ ಈ ಬಗೆಯವೇ. ಹಸಿರು ಇಲ್ಲವಾದ್ದರಿಂದ ಒಳಗಿದ್ದ ಕೆಂಪು ಎದ್ದು ಕಂಡಿತು, ಅಷ್ಟೇ. ಬೀಟ್‌ರೂಟಿಗೆ, ಕೆಂಪು ಹರಿವೆ ಸೊಪ್ಪಿಗೆ ಬಣ್ಣ ಕೊಡುವ ಬೀಟಲೇನ್ ಎಂಬ ಗುಂಪಿನ ವಸ್ತುಗಳೇ ಇಲ್ಲೂ ಇರುವುದು.

ಇನ್ನು ಕಾಲು. ಮೂರು ಏಣುಗಳ ಆ ಹಸಿರು ಕಾಂಡ ಹೆಚ್ಚಾಗಿ ಡ್ರ್ಯಾಗನ್ ಫ್ರೂಟ್ ಗಿಡದ್ದು, ಇಲ್ಲವೇ ಅದರ ಹತ್ತಿರದ ಬಂಧುವಿನದು. ಡ್ರ್ಯಾಗನ್ ಫ್ರೂಟ್ ಮರುಭೂಮಿಯ ಗಿಡ ಅಲ್ಲ. ಬೆಚ್ಚಗಿನ ಕಾಡುಗಳಲ್ಲಿ ಮರ ಹಿಡಿದು ಹತ್ತುವ ಬಳ್ಳಿ ಅದು. ಬೇಗ ಬೆಳೆಯುತ್ತದೆ, ಚಳಿ ತಡೆಯುವುದಿಲ್ಲ, ಬೇರು ಜೌಗಿನಲ್ಲಿ ನಿಂತರೆ ಕೊಳೆಯುತ್ತದೆ. ಮೇಲೆ ನಿಧಾನವಾಗಿ ಬೆಳೆಯುವ ಸಣ್ಣ ಕಳ್ಳಿ, ಕೆಳಗೆ ಓಡುವ ಬಳ್ಳಿ. ಈ ಜೋಡಿಗೆ ಆಯಸ್ಸು ಕಡಿಮೆ. ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಕೆಲವು ವರ್ಷಕ್ಕೆ ಕಾಲು ಸೋಲುತ್ತದೆ. ಅದು ನಿಮ್ಮ ತಪ್ಪಲ್ಲ. ಆಗ ತಲೆಯನ್ನು ಹೊಸ ಕಾಲಿನ ಮೇಲೆ ಕೂರಿಸಬಹುದು. ಹೇಗೆಂದು ಆರನೇ ಹಂತದಲ್ಲಿ ವಿವರವಾಗಿ ಹೇಳಿದ್ದೇನೆ.

ಹಂತ 1: ಕೊಳ್ಳುವಾಗ ಕಾಲನ್ನು ನೋಡಿ

ಬಣ್ಣ ಆಮೇಲೆ. ಮೊದಲು ಬಗ್ಗಿ ಕಾಂಡವನ್ನು ನೋಡಿ, ಬೆರಳಿನಿಂದ ಮೆಲ್ಲಗೆ ಒತ್ತಿ. ಹಸಿ ಸೌತೆಕಾಯಿಯ ಹಾಗೆ ಗಟ್ಟಿಯಾಗಿರಬೇಕು. ಮಣ್ಣಿನ ಹತ್ತಿರ ಹಳದಿಯಾಗಿ, ನೀರು ತುಂಬಿದಂತೆ ಹೊಳೆಯುತ್ತಿದ್ದರೆ ಬಿಟ್ಟುಬಿಡಿ. ಬುಡದಲ್ಲಿ ಕಂದು ತೊಗಟೆ ಬಂದಿದ್ದು, ಮುಟ್ಟಿದರೆ ಮರದಂತೆ ಗಟ್ಟಿ ಇದ್ದರೆ ಹೆದರಬೇಡಿ. ಅದು ವಯಸ್ಸಾದ ಗುರುತು, ಕೊಳೆತ ಅಲ್ಲ.

ಆಮೇಲೆ ತಲೆ ಮತ್ತು ಕಾಲು ಕೂಡುವ ಜಾಗ. ಸುತ್ತಲೂ ಬಿರುಕಿಲ್ಲದೆ ಕೂಡಿರಬೇಕು. ತಲೆಯನ್ನು ಒಂದಿಷ್ಟು ಅಲ್ಲಾಡಿಸಿದರೆ ಕಾಲೂ ಜೊತೆಗೇ ಅಲ್ಲಾಡಬೇಕು. ತಲೆ ಮಾತ್ರ ತೂಗಾಡಿದರೆ ಕಸಿ ಹಿಡಿದಿಲ್ಲ ಎಂದರ್ಥ. ಏಣುಗಳ ಸಂದಿಯಲ್ಲಿ ಹತ್ತಿಯಂಥ ಬಿಳಿ ಚುಕ್ಕೆ ಇದ್ದರೆ ಅದು ಹಿಟ್ಟು ತಿಗಣೆ. ಅಂಥ ಗಿಡ ಮನೆಗೆ ತಂದರೆ ಉಳಿದ ಗಿಡಗಳಿಗೂ ಹಬ್ಬುತ್ತದೆ.

ಕಳ್ಳಿಯ ನೆತ್ತಿಗೆ ಬಣ್ಣದ ಒಣ ಹೂವನ್ನು ಬಿಸಿ ಗಮ್ಮಿನಿಂದ ಅಂಟಿಸಿ ಮಾರುವುದೂ ಇದೆ. ಅಂಟಿಸಿದ ಹೂವು ತಿಂಗಳಾದರೂ ಹಾಗೇ ಇರುತ್ತದೆ. ಅಂಟು ಗಿಡದ ಚರ್ಮವನ್ನು ಸುಡುತ್ತದೆ, ಕೀಳಲು ಹೋದರೆ ಗಾಯವಾಗುತ್ತದೆ. ಅದನ್ನು ಕೊಳ್ಳದಿರುವುದೇ ಒಳ್ಳೆಯದು.

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಇದನ್ನು ತರುವುದು ಹೆಚ್ಚು. ಜನವರಿಯ ಪ್ರದರ್ಶನದಲ್ಲಿ ಕೊಂಡರೆ ಅನುಕೂಲ, ಮುಂದೆ ಒಣ ದಿನಗಳಿವೆ. ಆಗಸ್ಟಿನಲ್ಲಿ ಕೊಂಡರೆ ಮಳೆಗಾಲದ ನಡುವೆ ಒದ್ದೆ ಕೊಕೊಪೀಟಿನಲ್ಲಿರುವ ಗಿಡ ಕೈಗೆ ಬರುತ್ತದೆ. ಆಗ ಎರಡನೇ ಹಂತವನ್ನು ತಡಮಾಡದೆ ಮಾಡಿ.

ಹಂತ 2: ಮಣ್ಣು ಬದಲಿಸಿ

ನರ್ಸರಿಯ ಪುಟ್ಟ ಪ್ಲಾಸ್ಟಿಕ್ ಕುಂಡದಲ್ಲಿ ಸಾಮಾನ್ಯವಾಗಿ ಬರೀ ಕೊಕೊಪೀಟ್ ಇರುತ್ತದೆ. ಕೊಕೊಪೀಟ್ ಎಂದರೆ ತೆಂಗಿನ ನಾರಿನ ಪುಡಿ. ದಿನವೂ ನೋಡಿಕೊಳ್ಳುವ ನರ್ಸರಿಯವರಿಗೆ ಅದು ಸರಿ. ಮನೆಯಲ್ಲಿ ಅದು ಮೇಲೆ ಒಣಗಿದಂತೆ ಕಂಡರೂ ಒಳಗೆ ಒದ್ದೆ ಇರುತ್ತದೆ. ನಾವು ಮೇಲ್ಭಾಗ ನೋಡಿ ಮತ್ತೆ ನೀರು ಹಾಕುತ್ತೇವೆ. ಮೂನ್ ಕ್ಯಾಕ್ಟಸ್ ಸಾಯುವುದಕ್ಕೆ ನಾನು ಕಂಡ ದೊಡ್ಡ ಕಾರಣ ಇದೇ.

ತಂದು ನಾಲ್ಕೈದು ದಿನ ನೆರಳಲ್ಲಿಟ್ಟು, ಕೊಕೊಪೀಟ್ ಪೂರ್ತಿ ಒಣಗಿದ ಮೇಲೆ ಗಿಡ ಹೊರತೆಗೆಯಿರಿ. ತಲೆ ಹಿಡಿದು ಎಳೆಯಬೇಡಿ, ಕಸಿ ಕಿತ್ತು ಬರುತ್ತದೆ. ದಪ್ಪ ಕಾಗದವನ್ನು ಪಟ್ಟಿಯ ಹಾಗೆ ಮಡಚಿ ಕಾಲಿಗೆ ಸುತ್ತಿ ಹಿಡಿದುಕೊಳ್ಳಿ. ಬೇರಿನ ಸುತ್ತಲಿನ ಕೊಕೊಪೀಟನ್ನು ಮೆಲ್ಲಗೆ ಉದುರಿಸಿ. ಕಪ್ಪಾಗಿ ಮೆತ್ತಗಾದ ಬೇರುಗಳನ್ನು ಕತ್ತರಿಸಿ ತೆಗೆಯಿರಿ.

ಮಣ್ಣಿನ ಮಿಶ್ರಣ ಹೀಗಿರಲಿ:

- ಒರಟು ಮರಳು 2 ಪಾಲು
- ಕೆಮ್ಮಣ್ಣು 1 ಪಾಲು
- ಚೆನ್ನಾಗಿ ಕಳಿತ ಎಲೆಗೊಬ್ಬರ ಅಥವಾ ಎರೆಗೊಬ್ಬರ 1 ಪಾಲು
- ಇದ್ದಿಲಿನ ಚೂರು ಒಂದು ಹಿಡಿ

ಬೇರೆ ಮುಳ್ಳುಕಳ್ಳಿಗಳಿಗೆ ಹೋಲಿಸಿದರೆ ಇಲ್ಲಿ ಗೊಬ್ಬರ ಸ್ವಲ್ಪ ಜಾಸ್ತಿ ಎನಿಸಬಹುದು. ಕಾಲು ಕಾಡಿನ ಬಳ್ಳಿಯದಲ್ಲವಾ, ಅದಕ್ಕೆ ಬೇಕು. ಮರಳು ಸಿಗದಿದ್ದರೆ ಎಂ-ಸ್ಯಾಂಡ್ ಆಗುತ್ತದೆ, ಆದರೆ ಹಾಗೇ ಹಾಕಬೇಡಿ. ಅದರಲ್ಲಿರುವ ನುಣ್ಣನೆಯ ಧೂಳು ಒದ್ದೆಯಾದರೆ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಜಾಲರಿಯಲ್ಲಿ ಹಾಕಿ ನೀರಿನಲ್ಲಿ ತೊಳೆದು, ಉಳಿದ ಒರಟು ಕಾಳನ್ನಷ್ಟೇ ಬಳಸಿ. ಇಟ್ಟಿಗೆಯನ್ನು ಕಡಲೆಕಾಳಿನ ಗಾತ್ರಕ್ಕೆ ಕುಟ್ಟಿ ಬೆರೆಸಿದರೂ ಚೆನ್ನ. ಸಮುದ್ರದ ಮರಳು ಬೇಡ, ಉಪ್ಪಿರುತ್ತದೆ. ಉತ್ತರ ಕರ್ನಾಟಕದ ಓದುಗರು ಎರೆಮಣ್ಣು ಬಳಸಬೇಡಿ. ಹತ್ತಿಗೆ, ಜೋಳಕ್ಕೆ ಅದು ಬಂಗಾರ, ಆದರೆ ನೀರು ಹಿಡಿದಿಡುವ ಆ ಗುಣವೇ ಇಲ್ಲಿ ಮುಳುವಾಗುತ್ತದೆ.

ಕುಂಡ ಮಣ್ಣಿನದಾದರೆ ಒಳ್ಳೆಯದು. 3 ರಿಂದ 4 ಇಂಚು ಸಾಕು. ತಳದಲ್ಲಿ ತೂತು ಇರಲೇಬೇಕು. ತೂತಿಲ್ಲದ ಚೀನಿಮಣ್ಣಿನ ಕಪ್ಪು, ಗಾಜಿನ ಬಟ್ಟಲು ನೋಡಲು ಚೆಂದ, ಗಿಡಕ್ಕೆ ಅಪಾಯ. ಮುಂಚೆ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಡಿ. ನೆಟ್ಟ ಮೇಲೆ ಒಂದು ವಾರ ನೀರು ಹಾಕಬೇಡಿ. ಮಣ್ಣು ಬದಲಿಸುವಾಗ ಹರಿದ ಬೇರುಗಳ ಗಾಯ ಆರಲು ಅಷ್ಟು ಸಮಯ ಬೇಕು.

ಹಂತ 3: ಬೆಳಕು

ಇಲ್ಲಿ ಎರಡು ತಪ್ಪು ನಡೆಯುತ್ತವೆ. ಕ್ಯಾಕ್ಟಸ್ ಅಲ್ವಾ ಎಂದು ಕೆಲವರು ಟೆರೇಸಿನ ಮೇಲೆ ಇಡೀ ದಿನದ ಬಿಸಿಲಿಗೆ ಇಡುತ್ತಾರೆ. ಅಂಗಡಿಯಲ್ಲಿ ಟೇಬಲ್ ಗಿಡ ಎಂದು ಹೇಳಿದರು ಎಂದು ಇನ್ನು ಕೆಲವರು ಆಫೀಸಿನ ಟ್ಯೂಬ್‌ಲೈಟಿನ ಕೆಳಗೆ ಇಡುತ್ತಾರೆ.

ತಲೆಗೆ ಪತ್ರಹರಿತ್ತಿಲ್ಲ. ತವರಿನಲ್ಲೂ ಅದು ಪೊದೆಯ ನೆರಳಿನ ಗಿಡ. ಮಧ್ಯಾಹ್ನದ ಬಿಸಿಲು ಬಿದ್ದರೆ ಚರ್ಮ ಸುಟ್ಟು ಬೂದು ಕಂದಿನ ಕಲೆ ಬರುತ್ತದೆ. ಆ ಕಲೆ ಮತ್ತೆ ಹೋಗುವುದಿಲ್ಲ. ಆದರೆ ಕತ್ತಲೆಯಲ್ಲಿಟ್ಟರೆ ಕಾಲಿಗೆ ಆಹಾರ ಮಾಡಿಕೊಳ್ಳಲು ಆಗುವುದಿಲ್ಲ. ಇಬ್ಬರ ಊಟವನ್ನೂ ಅಡುಗೆ ಮಾಡಬೇಕಾದದ್ದು ಕಾಲು ಒಂದೇ. ಅದು ಉಪವಾಸ ಬಿದ್ದರೆ ತಲೆ ಮೊದಲು ಬಣ್ಣ ಕಳೆದುಕೊಂಡು, ಆಮೇಲೆ ಸೊರಗುತ್ತದೆ.

ಪೂರ್ವದ ಕಿಟಕಿ ಅಥವಾ ಬಾಲ್ಕನಿಯಲ್ಲಿ ಬೆಳಗಿನ ಎರಡು ಮೂರು ಗಂಟೆ ಎಳೆಬಿಸಿಲು, ಉಳಿದ ಹೊತ್ತು ಒಳ್ಳೆಯ ಬೆಳಕು ಸಿಕ್ಕರೆ ಸಾಕು. ಪಶ್ಚಿಮದ ಬಾಲ್ಕನಿ ಮಾತ್ರ ಇದೆ ಎನ್ನುವವರು ಅರ್ಧ ನೆರಳು ಕೊಡುವ ಹಸಿರು ನೆಟ್ ಕಟ್ಟಿ. ಕಲಬುರಗಿ, ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಬಿಸಿಲೂ ಬೇಗ ಚುರುಕಾಗುತ್ತದೆ. ಆಗ ಗೋಡೆಯ ನೆರಳಿಗೆ ಸರಿಸಿ. ಕಾದ ಸಿಮೆಂಟ್ ನೆಲದ ಮೇಲೆ ನೇರವಾಗಿ ಇಡಬೇಡಿ.

ಸ್ಥಳ ಬದಲಿಸುವಾಗ ಒಂದೇ ದಿನ ನೆರಳಿಂದ ಬಿಸಿಲಿಗೆ ತರಬೇಡಿ. ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪ ಸರಿಸಿ.

ಹಂತ 4: ನೀರು

ಮೊದಲು ವಾರಕ್ಕೊಂದು ಸಲ ಎಂಬ ಲೆಕ್ಕವನ್ನು ಮರೆತುಬಿಡಿ. ಮಂಗಳೂರಿನ ಜುಲೈ ವಾರಕ್ಕೂ ಬಳ್ಳಾರಿಯ ಏಪ್ರಿಲ್ ವಾರಕ್ಕೂ ಒಂದೇ ಲೆಕ್ಕ ಹೇಗಾಗುತ್ತದೆ? ಮಣ್ಣನ್ನು ಕೇಳಿ ನೀರು ಹಾಕಬೇಕು.

ಕೇಳುವುದು ಸುಲಭ. ಉರಿದು ಮುಗಿದ ಊದುಬತ್ತಿಯ ಕಡ್ಡಿಯನ್ನು ಕುಂಡದ ಅಂಚಿನಲ್ಲಿ ತಳ ಮುಟ್ಟುವ ತನಕ ಚುಚ್ಚಿ ಐದು ನಿಮಿಷ ಬಿಡಿ. ಹೊರಗೆ ತೆಗೆದಾಗ ಕಡ್ಡಿ ಒದ್ದೆಯಾಗಿ ಕಪ್ಪಗೆ ಕಂಡರೆ ಅಥವಾ ಮಣ್ಣು ಅಂಟಿಕೊಂಡಿದ್ದರೆ ನೀರು ಬೇಡ. ಪೂರ್ತಿ ಒಣಗಿ ಬಂದರೆ ಇನ್ನೊಂದು ದಿನ ಕಾದು ನೀರು ಕೊಡಿ. ಕುಂಡವನ್ನು ಎತ್ತಿ ನೋಡುವ ಅಭ್ಯಾಸ ಮಾಡಿಕೊಂಡರೆ ಕೆಲವು ತಿಂಗಳಲ್ಲಿ ಕಡ್ಡಿಯೂ ಬೇಕಾಗುವುದಿಲ್ಲ, ತೂಕದಲ್ಲೇ ತಿಳಿಯುತ್ತದೆ.

ಕೊಡುವಾಗ ಚಮಚದಲ್ಲಿ ಅಳೆದು ಕೊಡಬೇಡಿ. ತಳದ ತೂತಿನಿಂದ ಹರಿದು ಬರುವ ತನಕ ಹಾಕಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ದಿನಾ ಎರಡು ಚಮಚ ಹಾಕಿದರೆ ಮೇಲ್ಮಣ್ಣು ಸದಾ ಒದ್ದೆ, ಕೆಳಗಿನ ಬೇರು ಸದಾ ಒಣ. ಎರಡೂ ಕೆಟ್ಟದ್ದೇ.

ನೀರು ಮಣ್ಣಿಗೆ ಬೀಳಲಿ, ತಲೆಗೆ ಬೇಡ. ತಲೆ ಮತ್ತು ಕಾಲು ಕೂಡುವ ಸಂದಿಯಲ್ಲಿ ನೀರು ನಿಂತರೆ ಅಲ್ಲಿಂದಲೇ ಕೊಳೆತ ಶುರುವಾಗುತ್ತದೆ. ನಾನು ಮೊದಲ ಗಿಡ ಕಳೆದುಕೊಂಡದ್ದು ಹೀಗೇ. ಧೂಳು ಹೋಗಲಿ ಎಂದು ಸ್ಪ್ರೇ ಬಾಟಲಿಯಲ್ಲಿ ಸಂಜೆ ಸಂಜೆ ನೀರು ಚಿಮುಕಿಸುತ್ತಿದ್ದೆ. ಧೂಳಿಗೆ ಒಣಗಿದ ಮೆತ್ತನೆಯ ಪೇಂಟ್ ಬ್ರಷ್ ಸಾಕು.

ಒಂದು ಅಂದಾಜು ಬೇಕೇ ಬೇಕು ಎನ್ನುವವರಿಗೆ: ಬೆಂಗಳೂರಿನ ಹವೆಯಲ್ಲಿ, 4 ಇಂಚಿನ ಮಣ್ಣಿನ ಕುಂಡದಲ್ಲಿ, ಮೇಲೆ ಹೇಳಿದ ಮಿಶ್ರಣದಲ್ಲಿ ನನಗೆ ಮಾರ್ಚಿಯಿಂದ ಮೇ ತನಕ 6 ರಿಂದ 8 ದಿನಕ್ಕೊಮ್ಮೆ, ಮಳೆಗಾಲದಲ್ಲಿ 15 ರಿಂದ 20 ದಿನಕ್ಕೊಮ್ಮೆ, ಚಳಿಗಾಲದಲ್ಲಿ ಸುಮಾರು ಎರಡು ವಾರಕ್ಕೊಮ್ಮೆ ಬೇಕಾಗುತ್ತದೆ. ಪ್ಲಾಸ್ಟಿಕ್ ಕುಂಡವಾದರೆ ಇನ್ನೂ ತಡವಾಗಿ.

ಕರಾವಳಿ, ಮಲೆನಾಡಿನವರಿಗೆ ಒಂದು ಎಚ್ಚರಿಕೆ. ಜೂನ್ ಬಂದ ಮೇಲೆ ಗಿಡವನ್ನು ಮಾಡಿನ ಕೆಳಗೆ, ಗಾಳಿ ಆಡುವ ಕಡೆ ಇಡಿ. ನೇರ ಮಳೆ ಬೇಡವೇ ಬೇಡ. ಅಲ್ಲಿ ಗಾಳಿಯಲ್ಲೇ ತೇವ ತುಂಬಿರುತ್ತದೆ, ಕುಂಡ ಒಣಗಲು ಮೂರು ವಾರವೂ ಆಗಬಹುದು. ಕುಂಡಗಳನ್ನು ಒತ್ತೊತ್ತಾಗಿ ಜೋಡಿಸಬೇಡಿ. ಮೇಲ್ಮಣ್ಣಿನಲ್ಲಿ ಬಿಳಿ ಬೂಷ್ಟು ಕಂಡರೆ ಅದನ್ನು ಕೆರೆದು ತೆಗೆದು, ಒಣ ಒರಟು ಮರಳನ್ನು ತೆಳುವಾಗಿ ಹರಡಿ.

ಬೋರ್‌ವೆಲ್ ನೀರು ಗಡಸಾಗಿದ್ದರೆ ಕುಂಡದ ಹೊರಮೈಯಲ್ಲೂ ಕಾಂಡದ ಬುಡದಲ್ಲೂ ಬಿಳಿ ಪೊರೆ ಕಟ್ಟುತ್ತದೆ. ಮಳೆನೀರು ಹಿಡಿದಿಟ್ಟುಕೊಂಡು ಬಳಸಿದರೆ ಗಿಡ ಚೆನ್ನಾಗಿರುತ್ತದೆ.

ಚಳಿ ಬಗ್ಗೆ ಎರಡು ಮಾತು. 10 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಹೋದರೆ ಕಾಲಿಗೆ ಕಷ್ಟ. ಬೀದರಿನ ಡಿಸೆಂಬರ್ ರಾತ್ರಿಗಳಲ್ಲಿ ಕುಂಡವನ್ನು ಒಳಗೆ ಇಟ್ಟುಕೊಳ್ಳಿ, ಮಣ್ಣು ಒಣದಾಗಿಯೇ ಇರಲಿ. ಅಮೆರಿಕ, ಯುರೋಪಿನಲ್ಲಿರುವ ಕನ್ನಡಿಗರು ಚಳಿಗಾಲ ಪೂರ್ತಿ ಗಿಡವನ್ನು ಮನೆಯೊಳಗೇ ಬೆಳಕಿರುವ ಕಿಟಕಿಯ ಬಳಿ ಇಟ್ಟು, ನೀರನ್ನು ತಿಂಗಳಿಗೊಮ್ಮೆಗೆ ಇಳಿಸಿ. ಗಿಡದ ಮೈ ತಣ್ಣನೆಯ ಕಿಟಕಿ ಗಾಜಿಗೆ ತಾಗದಿರಲಿ.

ಹಂತ 5: ಗೊಬ್ಬರ ಮತ್ತು ಕೀಟ

ಗೊಬ್ಬರ ಕಡಿಮೆ ಸಾಕು. ಅಂಗಡಿಯಲ್ಲಿ ಸಿಗುವ 19:19:19 ಗೊಬ್ಬರವನ್ನು 1 ಲೀಟರ್ ನೀರಿಗೆ ಅರ್ಧ ಗ್ರಾಂ ಕರಗಿಸಿ, ಗಿಡ ಬೆಳೆಯುವ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ನೀರಿನ ಬದಲಿಗೆ ಕೊಡಿ. ಚಳಿಗಾಲದಲ್ಲಿ ಬೇಡ. ಯೂರಿಯಾ, ಹಸಿ ಸಗಣಿ ಯಾವತ್ತೂ ಬೇಡ.

ಕಾಲಿನ ಏಣುಗಳಲ್ಲಿ ಮುಳ್ಳು ಏಳುವ ಚುಕ್ಕೆಗಳಿವೆಯಲ್ಲ, ಅಲ್ಲಿಂದ ಆಗಾಗ ಹಸಿರು ಚಿಗುರು ಬರುತ್ತದೆ. ಗಿಡ ಚೆನ್ನಾಗಿ ಬೆಳೆಯುತ್ತಿದೆ ಎಂದು ಖುಷಿಪಟ್ಟು ಬಿಡಬೇಡಿ. ಆ ಚಿಗುರು ತಲೆಗೆ ಹೋಗುವ ಆಹಾರವನ್ನು ತಾನೇ ತಿನ್ನುತ್ತದೆ. ಸಣ್ಣದಿರುವಾಗಲೇ ಚಿವುಟಿ ತೆಗೆಯಿರಿ.

ಹಿಟ್ಟು ತಿಗಣೆ ಕಂಡರೆ ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಹತ್ತಿ ಸುತ್ತಿದ ಕಡ್ಡಿ ಅದ್ದಿ ಒಂದೊಂದಾಗಿ ಒರೆಸಿ. ವಾರ ಬಿಟ್ಟು ಮತ್ತೆ ನೋಡಿ, ಮರಿಗಳು ಉಳಿದಿರುತ್ತವೆ. ಜಾಸ್ತಿ ಇದ್ದರೆ 1 ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ, ಸಂದಿಯ ನೀರನ್ನು ಬಟ್ಟೆಯ ತುದಿಯಿಂದ ಒತ್ತಿ ತೆಗೆಯಿರಿ. ಎಣ್ಣೆ ಹಾಕಿದ ಗಿಡ ಮೂರು ನಾಲ್ಕು ದಿನ ನೆರಳಲ್ಲಿರಲಿ, ಇಲ್ಲದಿದ್ದರೆ ತಲೆ ಸುಡುತ್ತದೆ. ಬೇಸಿಗೆಯಲ್ಲಿ ತಲೆಯ ಮೇಲೆ ತುಕ್ಕಿನಂಥ ಕಂದು ಪೊರೆ, ಸಣ್ಣ ಜೇಡರಬಲೆ ಕಂಡರೆ ಅದು ಕೆಂಪು ನುಸಿ. ಅದಕ್ಕೂ ಇದೇ ಬೇವಿನೆಣ್ಣೆ ಆಗುತ್ತದೆ.

ಹಂತ 6: ಕಾಲು ಕೊಳೆತರೆ ತಲೆಯನ್ನು ಉಳಿಸುವುದು

ಈ ಹಂತವನ್ನು ಎಲ್ಲರೂ ಕಲಿತುಕೊಳ್ಳಬೇಕು ಎನ್ನುವುದು ನನ್ನ ಆಸೆ. ಕಾಲು ಮೆತ್ತಗಾದ ಕೂಡಲೇ ಗಿಡ ಎಸೆಯುವವರೇ ಹೆಚ್ಚು. ತಲೆ ಇನ್ನೂ ಗಟ್ಟಿ ಇದ್ದರೆ ಅದು ಬದುಕುತ್ತದೆ, ಸ್ವಲ್ಪ ಬೇಗ ಕೈ ಹಾಕಬೇಕು ಅಷ್ಟೇ.

ಮೊದಲು ಒಂದು ತಪ್ಪನ್ನು ತಡೆಯೋಣ. ತಲೆಯನ್ನು ಕಿತ್ತು ಸುಮ್ನೆ ಮಣ್ಣಿಗೆ ಊರಬೇಡಿ. ಬೇರು ಬಂದರೂ ಅದಕ್ಕೆ ಆಹಾರ ಮಾಡಲು ಬರುವುದಿಲ್ಲ. ಕೆಲವು ತಿಂಗಳು ತನ್ನ ಮೈಯನ್ನೇ ಕರಗಿಸಿ ಬದುಕಿ, ಕೊನೆಗೆ ಸಾಯುತ್ತದೆ.

ಹೊಸ ಕಾಲು ಬೇಕು. ಡ್ರ್ಯಾಗನ್ ಫ್ರೂಟ್ ತೋಟಗಳು ಈಗ ನಮ್ಮಲ್ಲೂ ಇವೆ. ತುಮಕೂರು ಜಿಲ್ಲೆಯ ಹಿರೇಹಳ್ಳಿಯಲ್ಲಿ ಈ ಹಣ್ಣಿಗಾಗಿಯೇ ಒಂದು ವಿಶೇಷ ಕೇಂದ್ರ ತೆರೆಯಲು 2023 ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಬೆಳೆಗಾರರು ಸವರಿದ ಕಾಂಡಗಳನ್ನು ಕೇಳಿದರೆ ಕೊಡುತ್ತಾರೆ. ತೀರಾ ಎಳೆಯದೂ ಅಲ್ಲದ, ಮರದಂತಾಗಿಯೂ ಇರದ 20 ಸೆಂಟಿಮೀಟರಿನ ತುಂಡು ತನ್ನಿ. ಕತ್ತರಿಸಿದ ತುದಿಯನ್ನು ನೆರಳಲ್ಲಿ ಒಂದು ವಾರ ಆರಲು ಬಿಟ್ಟು, ಮೇಲು ಕೆಳಗು ತಿರುವುಮುರುವಾಗದಂತೆ 4 ಸೆಂಟಿಮೀಟರ್ ಆಳಕ್ಕೆ ನೆಡಿ. ತಿಂಗಳೊಳಗೆ ಬೇರು ಬರುತ್ತದೆ. ಎರಡು ತಿಂಗಳಿಗೆ ಕಸಿಗೆ ಸಿದ್ಧ. ನನ್ನ ಸಲಹೆ, ಮೂನ್ ಕ್ಯಾಕ್ಟಸ್ ತಂದ ದಿನವೇ ಒಂದು ಡ್ರ್ಯಾಗನ್ ಫ್ರೂಟ್ ತುಂಡನ್ನೂ ನೆಟ್ಟುಬಿಡಿ. ಕಾಲು ಕೊಳೆತ ಮೇಲೆ ಹುಡುಕಲು ಹೊರಟರೆ ಸಮಯ ಇರುವುದಿಲ್ಲ.

ಬೇಲಿಯಲ್ಲಿ ಸಿಗುವ ಬೊಂತೆಗಳ್ಳಿ, ಮುಂಡುಗಳ್ಳಿಯ ಮೇಲೆ ಕಸಿ ಮಾಡಬಹುದಾ ಎಂದು ಕೇಳುತ್ತಾರೆ. ಆಗುವುದಿಲ್ಲ. ಅವನ್ನೂ ಕಳ್ಳಿ ಎಂದೇ ಕರೆದರೂ ಅವು ಕ್ಯಾಕ್ಟಸ್ ಕುಟುಂಬದವಲ್ಲ, ಯೂಫೋರ್ಬಿಯಾಗಳು. ಕತ್ತರಿಸಿದರೆ ಬಿಳಿ ಹಾಲು ಬಂದರೆ ಅದು ಕಸಿಗೆ ಆಗದ ಗಿಡ ಎಂದು ತಿಳಿಯಿರಿ. ಆ ಹಾಲು ಕಣ್ಣಿಗೆ ಬಿದ್ದರೆ ಬಹಳ ಅಪಾಯ.

ಕಸಿಗೆ ಫೆಬ್ರವರಿಯಿಂದ ಮೇ ತನಕದ ಒಣ, ಬೆಚ್ಚಗಿನ ದಿನಗಳು ಒಳ್ಳೆಯವು. ಮಳೆಗಾಲದಲ್ಲಿ ಗಾಯ ಆರುವುದು ಕಷ್ಟ, ಬೂಷ್ಟು ಬೇಗ ಹಿಡಿಯುತ್ತದೆ. ಆದರೂ ತಲೆ ಉಳಿಸಲು ಬೇರೆ ದಾರಿ ಇಲ್ಲದಿದ್ದರೆ ಯಾವ ತಿಂಗಳಾದರೂ ಮಾಡಿ.

ಬೇಕಾದ್ದು: ಹೊಸ ಬ್ಲೇಡ್, ಸ್ಪಿರಿಟ್, ಹತ್ತಿ, ಎರಡು ರಬ್ಬರ್ ಬ್ಯಾಂಡ್, ಕೈಗವಸು.

1. ಹಿಂದಿನ ದಿನ ಹೊಸ ಕಾಲಿಗೆ ನೀರು ಕೊಟ್ಟಿರಿ. ಕಾಂಡ ತುಂಬಿಕೊಂಡಿರಬೇಕು.

2. ಬ್ಲೇಡನ್ನು ಸ್ಪಿರಿಟ್‌ನಿಂದ ಒರೆಸಿ, ಆರಲು ಬಿಡಿ. ಕಾಲನ್ನು ಮಣ್ಣಿನಿಂದ 8 ರಿಂದ 10 ಸೆಂಟಿಮೀಟರ್ ಎತ್ತರದಲ್ಲಿ ಒಂದೇ ಎಳೆತಕ್ಕೆ, ಸಮತಟ್ಟಾಗಿ ಕತ್ತರಿಸಿ. ಗರಗಸದಂತೆ ಹಿಂದೆ ಮುಂದೆ ಎಳೆಯಬೇಡಿ.

3. ಕತ್ತರಿಸಿದ ಮೇಲ್ಮೈಯ ಮೂರು ಏಣಿನ ಮೂಲೆಗಳನ್ನು ಇಳಿಜಾರಾಗಿ ಸವರಿ. ಹೀಗೆ ಮಾಡದಿದ್ದರೆ ಒಣಗುವಾಗ ನಡುವಿನ ಮೆತ್ತನೆಯ ಭಾಗ ಕೆಳಗೆ ಕುಸಿಯುತ್ತದೆ, ಗಟ್ಟಿ ಅಂಚು ಮೇಲೇ ನಿಂತು ತಲೆಯನ್ನು ಎತ್ತಿಬಿಡುತ್ತದೆ. ಬಹಳ ಕಸಿಗಳು ಕೆಡುವುದು ಇಲ್ಲಿ.

4. ಈಗ ಮೇಲ್ಮೈಯ ನಡುವೆ ನೋಡಿ. ತಿಳಿಬಣ್ಣದ ಒಂದು ಸಣ್ಣ ಉಂಗುರ ಕಾಣುತ್ತದೆ. ನೀರು, ಆಹಾರ ಸಾಗಿಸುವ ನಾಳಗಳು ಇರುವುದು ಅಲ್ಲೇ. ಕಸಿಯ ಜೀವ ಇರುವುದು ಈ ಉಂಗುರದಲ್ಲಿ. ಮೇಲ್ಮೈ ಒಣಗದಂತೆ ಕಾಗದದಷ್ಟು ತೆಳುವಾದ ಇನ್ನೊಂದು ಬಿಲ್ಲೆ ಕತ್ತರಿಸಿ, ಅದನ್ನು ಅಲ್ಲೇ ಮುಚ್ಚಳದ ಹಾಗೆ ಬಿಟ್ಟಿರಿ.

5. ಬ್ಲೇಡನ್ನು ಮತ್ತೆ ಒರೆಸಿ. ತಲೆಯನ್ನು ಹಳೆಯ ಸಂದಿಗಿಂತ ಸ್ವಲ್ಪ ಮೇಲೆ ಕತ್ತರಿಸಿ. ಕತ್ತರಿಸಿದ ಕಡೆ ಕಂದು ಅಥವಾ ಕಪ್ಪು ಚುಕ್ಕೆ ಕಂಡರೆ ಕೊಳೆತ ಒಳಗೆ ಹೋಗಿದೆ ಎಂದರ್ಥ. ಚುಕ್ಕೆ ಪೂರ್ತಿ ಹೋಗುವ ತನಕ ತೆಳು ಬಿಲ್ಲೆಗಳಾಗಿ ಕತ್ತರಿಸುತ್ತಾ ಹೋಗಿ. ಪ್ರತಿ ಸಲವೂ ಬ್ಲೇಡ್ ಒರೆಸಬೇಕು. ಒಂದು ಚುಕ್ಕೆ ಉಳಿದರೂ ಹೊಸ ಕಾಲು ಕೂಡ ಕೊಳೆಯುತ್ತದೆ. ತಲೆ ಅರ್ಧದಷ್ಟೇ ಉಳಿದರೂ ಚಿಂತೆಯಿಲ್ಲ.

6. ಕಾಲಿನ ಮೇಲಿನ ಬಿಲ್ಲೆ ಸರಿಸಿ, ಕೂಡಲೇ ತಲೆಯನ್ನು ಇಡಿ. ಒಳಗೆ ಗಾಳಿ ಉಳಿಯದಂತೆ ಮೆಲ್ಲಗೆ ಒತ್ತಿ ಒಂದಿಷ್ಟು ತಿರುಗಿಸಿ. ತಲೆಯ ಉಂಗುರವೂ ಕಾಲಿನ ಉಂಗುರವೂ ಒಂದಕ್ಕೊಂದು ತಾಗಲೇಬೇಕು. ಎರಡರ ಗಾತ್ರ ಬೇರೆಯಾಗಿದ್ದರೆ ಸರಿಯಾಗಿ ನಡುವೆ ಇಡಬೇಡಿ, ಚಿಕ್ಕ ಉಂಗುರ ದೊಡ್ಡದರೊಳಗೆ ಬಿದ್ದು ಎಲ್ಲೂ ತಾಗುವುದಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಎರಡು ಕಡೆ ಒಂದರ ಮೇಲೊಂದು ಹಾಯುತ್ತವೆ, ಅಷ್ಟು ಸಾಕು. ನೋಡಲು ಓರೆ ಎನಿಸಿದರೂ ಅದೇ ಸರಿ.

7. ರಬ್ಬರ್ ಬ್ಯಾಂಡನ್ನು ತಲೆಯ ಮೇಲಿಂದ ಕುಂಡದ ತಳಕ್ಕೆ ಹಾಯಿಸಿ. ಇನ್ನೊಂದನ್ನು ಅಡ್ಡಲಾಗಿ ಹಾಯಿಸಿ. ತಲೆ ಅಲ್ಲಾಡದಷ್ಟು ಬಿಗಿ ಇರಲಿ, ಚರ್ಮ ಕತ್ತರಿಸುವಷ್ಟು ಬೇಡ.

ಗಾಯಕ್ಕೆ ಒಳ್ಳೆಯದು ಎಂದು ಎರಡರ ನಡುವೆ ಅರಿಶಿನ, ದಾಲ್ಚಿನ್ನಿ ಪುಡಿ ಹಾಕುವವರಿದ್ದಾರೆ. ಕೂಡುವ ಜಾಗದಲ್ಲಿ ಯಾವ ಪುಡಿಯೂ ಬೇಡ. ಪುಡಿ ನಡುವೆ ನಿಂತರೆ ಎರಡು ಮೈ ಬೆಸೆಯುವುದಿಲ್ಲ.

ಕುಂಡವನ್ನು ಬೆಳಕಿರುವ ನೆರಳಲ್ಲಿ, ಗಾಳಿ ಆಡುವ ಕಡೆ ಇಡಿ. ಮಣ್ಣು ಒಣಗಿದರೆ ಅಂಚಿನಲ್ಲಿ ಸ್ವಲ್ಪ ನೀರು ಕೊಡಿ, ಕಸಿಗೆ ಒಂದು ಹನಿಯೂ ತಾಗಬಾರದು. 7 ರಿಂದ 10 ದಿನದ ಮೇಲೆ ಒಂದು ಬ್ಯಾಂಡ್, ಇನ್ನೆರಡು ದಿನಕ್ಕೆ ಇನ್ನೊಂದು ಬ್ಯಾಂಡ್ ತೆಗೆಯಿರಿ. ಹಿಡಿದಿದೆಯೋ ಎಂದು ಎಳೆದು ನೋಡಬೇಡಿ. ತಲೆ ತುಂಬಿಕೊಂಡು ಹೊಳೆಯುತ್ತಿದ್ದರೆ ಹಿಡಿದಿದೆ. ಎರಡು ವಾರಕ್ಕೆ ಸುಕ್ಕಾಗಿ ಅಲ್ಲಾಡುತ್ತಿದ್ದರೆ ಹಿಡಿದಿಲ್ಲ, ಎರಡರಿಂದಲೂ ತೆಳುವಾಗಿ ಕತ್ತರಿಸಿ ಮತ್ತೆ ಕೂರಿಸಿ. ಬೇರೆ ಬೇರೆ ಬ್ಲೇಡಿನಲ್ಲಿ ಎರಡು ಮೂರು ಸಲ ಮಾಡಿದರೆ ಕೈ ಪಳಗುತ್ತದೆ.

ಹಂತ 7: ಮರಿಗಳು

ಆರೋಗ್ಯವಾದ ತಲೆಯ ಸುತ್ತ ಬಟಾಣಿ ಗಾತ್ರದ ಮರಿಗಳು ಏಳುತ್ತವೆ. ಅವನ್ನು ಹಾಗೇ ಬಿಡಬಹುದು. ತುಂಬಾ ಜಾಸ್ತಿಯಾದರೆ ಒಂದು ಕಾಲಿಗೆ ಭಾರ. ಮರಿ 1 ಸೆಂಟಿಮೀಟರ್ ದಾಟಿದ ಮೇಲೆ ಕತ್ತರಿಸಿ ಬೇರೆ ಕಾಲಿನ ಮೇಲೆ ಇದೇ ರೀತಿ ಕಸಿ ಮಾಡಿ. ಎಳೆಯ ಮರಿ ಹಳೆಯ ತಲೆಗಿಂತ ಬೇಗ ಹಿಡಿಯುತ್ತದೆ. ನನ್ನ ಹತ್ತಿರ ಇರುವ ಗಿಡಗಳು ಬಹುಪಾಲು ಹೀಗೆ ಬಂದವೇ. ತಾಯಿಗಿಡ ಹೋದರೂ ಅದೇ ಬಣ್ಣ ಮನೆಯಲ್ಲಿ ಉಳಿಯುತ್ತದೆ.

ವಿದೇಶಕ್ಕೆ ಹೋಗುವ ಮಕ್ಕಳ ಸೂಟ್‌ಕೇಸಿನಲ್ಲಿ ಒಂದು ಮರಿ ಕಳಿಸಬಹುದಾ ಎಂದೂ ಕೇಳುತ್ತಾರೆ. ಕ್ಯಾಕ್ಟಸ್‌ಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದಲ್ಲಿ, ಡ್ರ್ಯಾಗನ್ ಫ್ರೂಟ್ ಕಾಲಿನ ಮೇಲಿನ ಈ ಬಣ್ಣದ ತಳಿಗಳಿಗೆ ವಿನಾಯಿತಿ ಇದೆ. ಆದರೆ ಸಸ್ಯರೋಗ ತಪಾಸಣೆಯ ನಿಯಮಗಳು ಬೇರೆ. ಸಸ್ಯ ಆರೋಗ್ಯ ಪ್ರಮಾಣಪತ್ರ, ಆ ದೇಶದ ಅನುಮತಿ ಇಲ್ಲದೆ ಗಿಡ, ಮಣ್ಣು ಒಯ್ಯಬೇಡಿ. ಅಲ್ಲಿಯ ಅಂಗಡಿಗಳಲ್ಲೂ ಇದು ಸುಲಭವಾಗಿ ಸಿಗುತ್ತದೆ.

ತಲೆ ಹೋಗಿ ಕಾಲು ಉಳಿದರೆ

ಇದೂ ಆಗುತ್ತದೆ. ಕಾಲು ಗಟ್ಟಿಯಾಗಿದ್ದು ತಲೆ ಮಾತ್ರ ಕುಗ್ಗಿ ಒಣಗುತ್ತದೆ. ಆಗ ತಲೆಯನ್ನು ಕತ್ತರಿಸಿ, ಕಾಲಿನ ಮೇಲ್ಮೈ ಆರಲು ಬಿಡಿ. ಇಷ್ಟು ದಿನ ಚಿವುಟುತ್ತಿದ್ದ ಪಕ್ಕದ ಚಿಗುರುಗಳಲ್ಲಿ ಒಂದನ್ನು ಈಗ ಬೆಳೆಯಲು ಬಿಡಿ. ಅದು 20 ಸೆಂಟಿಮೀಟರ್ ಆಗಿ ಗಟ್ಟಿಯಾದ ಮೇಲೆ ಕತ್ತರಿಸಿ ನೆಟ್ಟರೆ, ಎರಡು ತಿಂಗಳಲ್ಲಿ ಮುಂದಿನ ಕಸಿಗೆ ಒಂದು ಹೊಸ ಕಾಲು ಸಿದ್ಧವಾಗಿರುತ್ತದೆ.